ಹೊಸ ಅಪ್‌ಡೇಟಿಗೆ ಭಾಗ್ಯಾಳ ಪಾಳಿ

ಹುಬ್ಬಳ್ಳಿಯ ಆ ಬಸ್ ನಿಲ್ದಾಣದಲ್ಲಿ ಬೆಳಗಿನ ಹೊತ್ತು ಇಳಿದವರೆಲ್ಲ ಭಾಗ್ಯಾಳ ದನಿಯನ್ನು ಕೇಳಿರುತ್ತಾರೆ. "ಪ್ರಯಾಣಿಕರ ಗಮನಕ್ಕೆ" ಎಂದು ಶುರುವಾಗಿ, ನವಲಗುಂದ, ನರಗುಂದ, ರಾಮದುರ್ಗ ಎಂದು ಒಂದೊಂದೇ ಊರನ್ನು ಅವಸರವಿಲ್ಲದೆ ಬಡಿಸುವ ದನಿ. ಕೇಳಿದವರು ಚೀಲ ಎತ್ತಿಕೊಂಡು ಓಡುತ್ತಾರೆ. ಹೇಳಿದವರು ಯಾರೆಂದು ತಿರುಗಿ ನೋಡಲು ಯಾರಿಗೂ ಪುರುಸೊತ್ತಿರುವುದಿಲ್ಲ. ಭಾಗ್ಯಾಳಿಗೂ ಅವರು ಕಾಣುವುದಿಲ್ಲ. ಅವಳಿಗೆ ಹುಟ್ಟಿನಿಂದಲೇ ಕಣ್ಣಿಲ್ಲ.

ಯಾವ ಬಸ್ಸು ಯಾವ ಪ್ಲಾಟ್‌ಫಾರ್ಮಿಗೆ ಬಂತು, ಯಾವುದು ತಡ, ಯಾವುದು ರದ್ದು ಎಂಬುದನ್ನು ಬಸ್ಸುಗಳ ಉಸ್ತುವಾರಿ ನೋಡುವ ಮಹಾಂತಯ್ಯನವರು ವಾಟ್ಸಾಪಿನಲ್ಲಿ ಕಳಿಸುತ್ತಾರೆ. ಅದನ್ನು, ಪರದೆಯ ಮೇಲೆ ಬಂದದ್ದನ್ನೆಲ್ಲ ಓದಿ ಹೇಳುವ ಮೊಬೈಲಿನ ದನಿ ಇಯರ್‌ಫೋನಿನ ಮೂಲಕ ಭಾಗ್ಯಾಳ ಬಲಗಿವಿಯಲ್ಲಿ ಓದುತ್ತದೆ. ಬಲಗಿವಿ ಕೇಳುತ್ತಿರುವಾಗಲೇ ಬಾಯಿ ಹಿಂದಿನ ಬಸ್ಸಿನ ಸುದ್ದಿ ಹೇಳುತ್ತಿರುತ್ತದೆ. ಆ ದನಿಯನ್ನು ಅವಳು ಎಷ್ಟು ವೇಗವಾಗಿ ಓಡಿಸುತ್ತಾಳೆಂದರೆ, ಬೇರೆಯವರ ಕಿವಿಗೆ ಅದು ಕನ್ನಡವೆಂದೇ ಅನ್ನಿಸುವುದಿಲ್ಲ. ಅವಳ ಅವ್ವ ಶೇವಂತೆವ್ವ ಅದಕ್ಕೆ ಪಿಟಿಪಿಟಿ ಎಂದು ಹೆಸರಿಟ್ಟಿದ್ದಳು. "ಬಾಗಲದಾಗ ಯಾರ ಬಂದಾರ ಕೇಳ, ಮೊದಲ ಆ ಪಿಟಿಪಿಟಿನ ಬಾಯಿ ಮುಚ್ಚಸು" ಎನ್ನುತ್ತಿದ್ದಳು.

ದೀಪಾವಳಿ ಹತ್ತಿರ ಬಂದಾಗ ಆ ಪಿಟಿಪಿಟಿಯೇ ದಿನಾ ಒಂದು ಮಾತು ಹೇಳತೊಡಗಿತು. ಹೊಸ ಆವೃತ್ತಿ ಸಿದ್ಧವಾಗಿದೆ, ಈಗಲೇ ಅಳವಡಿಸಿ, ಅಥವಾ ನಂತರ ನೆನಪಿಸಿ. ಭಾಗ್ಯಾ ದಿನಾ 'ನಂತರ' ಎಂಬುದರ ಮೇಲೆ ಬೆರಳು ಬಡಿಯುತ್ತಿದ್ದಳು. ಸಣ್ಣಪುಟ್ಟ ಬದಲಾವಣೆಯಾಗಿದ್ದರೆ ಅವಳು ಇಷ್ಟು ಹೆದರುತ್ತಿರಲಿಲ್ಲ. ಇದು ಮೊಬೈಲಿನ ಇಡೀ ನಡವಳಿಕೆಯನ್ನೇ ಬದಲಿಸುವ ದೊಡ್ಡ ಅಪ್‌ಡೇಟ್. ಒಮ್ಮೆ ಹಾಕಿದರೆ ಹಿಂದಕ್ಕೆ ಬರುವ ದಾರಿ ಇಲ್ಲ.

ತಮ್ಮ ಶಶಿಕುಮಾರ ತನ್ನ ಮೊಬೈಲಿಗೆ ಅದನ್ನು ಚಹಾ ಕುಡಿಯುತ್ತ ಹಾಕಿಕೊಂಡಿದ್ದ. "ಎರಡು ಸಲ ಒತ್ತಿದ್ರ ಮುಗೀತಕ್ಕಾ. ಇದಕ್ಕೇನು ಮುಹೂರ್ತ ನೋಡ್ತೀ?" ಎಂದ.

"ನಿನಗ ಚಿತ್ರ ಬದಲಾಗ್ತಾವೋ. ನನಗ ದನೀನ ಹೋದ್ರ?"

"ಹೋದ್ರ ನಾ ಓದಿ ಹೇಳ್ತೇನಲ್ಲ."

"ಬಸ್‌ಸ್ಟ್ಯಾಂಡಿಗೆ ಬಂದು ನನ್ನ ಬಾಜೂಕ ಕುಂಡ್ರತೀಯೇನು ದಿನಾ?"

ಅವನು ಚಹಾದ ಕಪ್ಪು ಇಟ್ಟು ಎದ್ದುಹೋದ.

ಆದರೆ ಭಾಗ್ಯಾಳ ಗೆಳೆಯರ ಬಳಗದಲ್ಲಿ ಇದಕ್ಕೊಂದು ಪದ್ಧತಿ ಇತ್ತು. ಹುಬ್ಬಳ್ಳಿ ಧಾರವಾಡದ ಕಣ್ಣಿಲ್ಲದ ಕೆಲವರು ಭಾನುವಾರ ಬೆಳಿಗ್ಗೆ ಫೋನಿನಲ್ಲಿ ಒಟ್ಟಿಗೆ ಮಾತಾಡುತ್ತಿದ್ದರು. ದೊಡ್ಡ ಅಪ್‌ಡೇಟ್ ಬಂದಾಗ ಎಲ್ಲರೂ ಏಕಕಾಲಕ್ಕೆ ಹಾಕಿಕೊಳ್ಳುತ್ತಿರಲಿಲ್ಲ. ಪಾಳಿಯ ಪ್ರಕಾರ ಒಬ್ಬರು ಮೊದಲು ಹಾಕಬೇಕು, ಓದುವ ದನಿ ಉಳಿಯಿತೋ ಹೋಯಿತೋ ನೋಡಿ ಉಳಿದವರಿಗೆ ಹೇಳಬೇಕು. ಅವರು "ಹಾಕ್ರಿ" ಎನ್ನುವವರೆಗೆ ಬೇರೆ ಯಾರೂ ಮುಟ್ಟುವಂತಿಲ್ಲ.

ಹಿಂದಿನ ಪಾಳಿ ಹಳೇ ಹುಬ್ಬಳ್ಳಿಯ ನಿಜಾಮುದ್ದೀನನದಾಗಿತ್ತು. ಕುರ್ಚಿಗಳಿಗೆ ಬೆತ್ತ ಹೆಣೆಯುವುದು ಅವನ ಕೆಲಸ. ಆಗ ಅವನ ಮೊಬೈಲು ಮೂಕವಾಗಿ ಕುಳಿತುಬಿಟ್ಟಿತ್ತು, ನೋಡಿದವರೆಲ್ಲ ಸತ್ತೇ ಹೋಗಿದೆ ಎಂದಿದ್ದರು. ಬಂದ ಮೆಸೇಜುಗಳನ್ನು ಓದಿಸಲು ಸಿಮ್ ತೆಗೆದು ಚಹಾದಂಗಡಿಯವನ ಮೊಬೈಲಿಗೆ ಹಾಕಿಸಿದರೆ, ಹೆಂಡತಿ ತವರಿನಿಂದ ಸಿಟ್ಟಿನಲ್ಲಿ ಕಳಿಸಿದ್ದನ್ನು ಅಂಗಡಿಯವನು ಎಲ್ಲರೆದುರು ಗಟ್ಟಿಯಾಗಿ ಓದಿದ್ದ. ಆ ಕಥೆಯನ್ನು ನಿಜಾಮುದ್ದೀನನೇ ನಗುತ್ತ ಹೇಳುತ್ತಿದ್ದ. ನಗಲು ಅವನಿಗೆ ಬಹಳ ದಿನ ಹಿಡಿದಿತ್ತು.

ಈ ಸಲ ಪಾಳಿ ಭಾಗ್ಯಾಳದು.

ಆ ಭಾನುವಾರ ಧಾರವಾಡದ ಸಿದ್ಧಾರೂಢ ಮಾಸ್ತರರು ಮೆತ್ತಗೆ ಮಾತು ತೆಗೆದರು. "ಭಾಗ್ಯಾ ಅವರ, ಅವಸರ ಇಲ್ರಿ. ಆದ್ರ ನಮ್ಮ ಸಾಲಿ ಹಾಜರಿ ಹಾಕೂ ಆ್ಯಪ್ ಈ ತಿಂಗಳು ಮುಗದ ಮ್ಯಾಲ ಹಳೇ ಮೊಬೈಲನ್ಯಾಗ ತೆರಿಯೂದಿಲ್ಲಂತ. ನೀವು ಹಾಕಿದ ಮ್ಯಾಲ ನಾ ಹಾಕಬೇಕಲ್ಲ, ಅದಕ್ಕ ಕೇಳಾಕತ್ತೇನಿ."

"ಹಬ್ಬದಾಗ ಹೆಂಗ್ರಿ ಮಾಸ್ತರ..." ಎಂದು ಭಾಗ್ಯಾ ರಾಗ ಎಳೆದಳು. ದೀಪಾವಳಿಗೆ ಹೆಚ್ಚುವರಿ ಬಸ್ಸುಗಳು ಬಿಡುತ್ತವೆ, ಗಳಿಗೆಗೊಂದು ಬದಲಾವಣೆ. ಅವಳದು ಕಾಯಂ ನೌಕರಿಯಲ್ಲ. ಮೇಲಿನ ಸಾಹೇಬರೊಬ್ಬರು ಒಮ್ಮೆ ಬಂದಾಗ, ರೆಕಾರ್ಡ್ ಮಾಡಿದ ದನಿ ಹಾಕಿಬಿಟ್ಟರೆ ಹೇಗೆ ಎಂದು ಅವಳೆದುರೇ ಕೇಳಿ ಹೋಗಿದ್ದರು. ಮಹಾಂತಯ್ಯನವರು ಏನೋ ಹೇಳಿ ಆ ಮಾತನ್ನು ತೇಲಿಸಿದ್ದರು. ಹಬ್ಬದ ಗದ್ದಲದಲ್ಲಿ ಅವಳು ಒಂದು ದಿನ ಮೈಕಿನ ಮುಂದೆ ಸುಮ್ಮನೆ ಕುಳಿತರೆ ಸಾಕು, ಆ ಮಾತು ಮತ್ತೆ ಏಳುತ್ತದೆ.

ಅವಳು ತಡವರಿಸಿದ್ದು ನಿಜಾಮುದ್ದೀನನಿಗೆ ತಿಳಿಯಿತು. "ಏ ತಂಗಿ, ನೀ ಬ್ಯಾಡ ತಗೋ. ನಿಂದು ಮೈಕಿನ ಕೆಲಸ. ನನ್ನ ಕುರ್ಚಿ ಏನು ಮಾತಾಡ್ತಾವೇನು? ಈ ಸಲಾನೂ ನಾನ ಹಾಕ್ತೇನಿ. ನೀ ಆರಾಮ ಕುಂಡ್ರು."

ಪ್ರೀತಿಯಿಂದಲೇ ಹೇಳಿದ ಮಾತು. ಆದರೂ ಭಾಗ್ಯಾಳಿಗೆ ಅದು ಚುಚ್ಚಿತು. ನೀ ಕುಂಡ್ರು ಎಂಬ ಮಾತನ್ನು ಅವಳು ಹುಟ್ಟಿದಾಗಿನಿಂದ ಕೇಳಿದ್ದಳು. ಶಾಲೆಯಲ್ಲಿ ಆಟದ ಹೊತ್ತಿಗೆ, ಮದುವೆ ಮನೆಯಲ್ಲಿ ರೊಟ್ಟಿ ಬಡಿಯುವಾಗ, ನಳದ ಮುಂದೆ ಕೊಡ ಹಚ್ಚುವಾಗ. ಸರದಿ ಸಾಲಿನಲ್ಲಿ ನಿಂತರೂ ಯಾರಾದರೂ ರಟ್ಟೆ ಹಿಡಿದು ಮುಂದೆ ತಂದು ಬಿಡುತ್ತಿದ್ದರು. ಪಾಳಿ ಎಂಬುದು ಅವಳ ಪಾಲಿಗೆ ಬಂದದ್ದು ಈ ಬಳಗದಲ್ಲಿ ಮಾತ್ರ.

"ನಿಜಾಮಣ್ಣ, ನಿನ್ನ ಪಾಳಿ ನೀ ಮುಗಿಸೀದಿ. ಇದು ನಂದು. ಇವತ್ತು ಸೂಟಿ ಐತಿ, ಇವತ್ತ ಹಾಕ್ತೇನಿ" ಎಂದಳು.

ಬಳಗದ ನೇಮದಂತೆ ಅವಳು ಎಲ್ಲ ತಯಾರಿ ಮಾಡಿಕೊಂಡಳು. ಮೊಬೈಲು ಪೂರ್ತಿ ಚಾರ್ಜ್ ಮಾಡಿದಳು. ಶಶಿಕುಮಾರ ಬೆಳಿಗ್ಗೆಯೇ ಗೆಳೆಯರ ಜೊತೆ ಧಾರವಾಡದ ಹತ್ತಿರದ ಹೆಬ್ಬಳ್ಳಿಗೆ ಹೋಗಿದ್ದ, ಹಾಗಾಗಿ ಕಣ್ಣಿದ್ದವರೊಬ್ಬರು ಬಾಜೂಕ ಇರಬೇಕೆಂದು ತಮ್ಮನ ಹೆಂಡತಿ ಪೂನಮ್‌ಳನ್ನು ಕರೆದಳು. ಊಟ ಮುಗಿದು, ಅವ್ವ ಹಿತ್ತಲಿನಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಬೆಂಗೇರಿಯ ಅವರ ಮನೆಯ ಪಡಸಾಲೆಗೆ ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ನೇರ ಬಂದು ಬೀಳುತ್ತಿತ್ತು.

"ಒತ್ತಲ್ಯಾ?" ಎಂದಳು ಭಾಗ್ಯಾ.

"ಒತ್ರಿ ಅಕ್ಕಾರ. ಬಾಂಬ್ ಏನಲ್ಲ ಅದು" ಎಂದಳು ಪೂನಮ್.

'ಈಗಲೇ ಅಳವಡಿಸಿ' ಎಂದು ಪಿಟಿಪಿಟಿ ಹೇಳಿತು. ಭಾಗ್ಯಾ ಎರಡು ಸಲ ಬಡಿದಳು. ಮೊಬೈಲು ಮೌನವಾಯಿತು. ಇಬ್ಬರೂ ಕಾದರು. ಪೂನಮ್ ತವರಿನ ಹಬ್ಬದ ಸುದ್ದಿ ಹೇಳಿದಳು, ಭಾಗ್ಯಾ ಹೂಂ ಎಂದಳೇ ಹೊರತು ಒಂದೂ ತಲೆಗೆ ಹೋಗಲಿಲ್ಲ. ಬಹಳ ಹೊತ್ತಿನ ಮೇಲೆ ಅಂಗೈಯಲ್ಲಿ ಮೊಬೈಲು ಒಮ್ಮೆ ಜುಂ ಎಂದಿತು. ಆಮೇಲೆ ಏನೂ ಇಲ್ಲ. ಬೆರಳಾಡಿಸಿದರೆ ಚಿಕ್ಕದಾಗಿ ನಡುಗುತ್ತದೆ, ಮಾತು ಮಾತ್ರ ಇಲ್ಲ.

"ಪೂನಮ್, ಏನ್ ಬರದೈತಿ ನೋಡು."

ಪೂನಮ್ ಆಚೆ ಈಚೆ ಹೊರಳಿಸಿದಳು. "ಅಕ್ಕಾರ, ಏನೂ ಇಲ್ರಿ. ಕರ್ರಗ ಐತಿ."

"ಕರ್ರಗಂದ್ರ?"

"ಕರ್ರಗಂದ್ರ... ಸತ್ತೈತ್ರಿ ಇದು."

ನಾಳೆ ಬೆಳಿಗ್ಗೆಯ ಮೈಕು, ಸಾಹೇಬರ ಮಾತು, ಎಲ್ಲ ಒಮ್ಮೆಲೇ ಭಾಗ್ಯಾಳ ತಲೆಗೆ ನುಗ್ಗಿ ಬಂದವು. ನಿಜಾಮಣ್ಣ ಕೇಳಿದಾಗ ಪಾಳಿಯನ್ನು ಅವನಿಗೇ ಬಿಟ್ಟು ಸುಮ್ಮನಿರಬಹುದಿತ್ತು. ಆದರೆ ಸತ್ತ ಮೊಬೈಲು ನಡುಗುವುದು ಹೇಗೆ? ಮತ್ತೆ ಬೆರಳಾಡಿಸಿದಳು. ನಡುಗಿತು. ಅದು ಒಳಗೆ ಎಚ್ಚರವಾಗಿಯೇ ಇದೆ, ಹಾಗಿದ್ದೂ ಪೂನಮ್‌ಳಿಗೆ ಕಾಣುತ್ತಿಲ್ಲ ಎಂದರೆ...

"ಅಯ್ಯ ನನ್ನ ಕರ್ಮ!" ಎಂದು ಹಣೆ ಬಡಿದುಕೊಂಡಳು. "ಬೆಳಕು!"

ಮೊಬೈಲು ಕೊಂಡ ದಿನವೇ ಅಂಗಡಿಯವನಿಗೆ ಹೇಳಿ ಅದರ ಬೆಳಕನ್ನು ಪೂರ್ತಿ ಇಳಿಸಿಕೊಂಡಿದ್ದಳು. ತನಗೆ ಬೇಡದ ಬೆಳಕಿಗೆ ಬ್ಯಾಟರಿ ಯಾಕೆ ಸುಡಬೇಕು? ಅದಾದ ಮೇಲೆ ಮೊಬೈಲಿಗೆ ಬೆಳಕೆಂಬುದೊಂದು ಇರುತ್ತದೆ ಎಂಬುದನ್ನೇ ಮರೆತಿದ್ದಳು. ಚಾರ್ಜ್ ಮಾಡಿದ್ದಳು, ಕಣ್ಣಿದ್ದವಳನ್ನು ಕೂಡಿಸಿಕೊಂಡಿದ್ದಳು. ಆ ಕಣ್ಣಿಗೆ ಬೇಕಾದದ್ದನ್ನು ಮಾತ್ರ ಇಟ್ಟಿರಲಿಲ್ಲ.

ಪೂನಮ್ ನಗಲಾರಂಭಿಸಿದಳು. "ಈಗ ಇಬ್ರದೂ ಒಂದ ಲೆಕ್ಕ ಆತು ನೋಡ್ರಿ ಅಕ್ಕಾರ. ಏರಸೂದು ಎಲ್ಲೈತಿ?"

ಏರಿಸುವುದು ಹೇಗೆಂದು ಭಾಗ್ಯಾಳಿಗೆ ಗೊತ್ತಿರಲಿಲ್ಲ, ಎಂದೂ ಬೇಕಾಗಿರಲಿಲ್ಲ. "ಪೂರ್ತಿ ಕರ್ರಗ ಇರೂದಿಲ್ಲ ಅದು. ಅಂಗಡಿಯಾಂವ ಅಂದಿದ್ದ, ಕತ್ತಲ್ಯಾಗ ಸಣ್ಣಗ ಕಾಣತೈತಿ ಅಂತ. ಕತ್ತಲಿ ಬೇಕು."

ಮಧ್ಯಾಹ್ನದ ಬಿಸಿಲಿನಲ್ಲಿ ಕತ್ತಲೆ ಎಲ್ಲಿಂದ ತರುವುದು? ಪೂನಮ್ ಮಂಚದ ಮೇಲಿನ ಕೌದಿ ಎಳೆದಳು. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಕಿ ಅವ್ವ ಹೊಲಿದ ದಪ್ಪ ಕೌದಿ. ಅದರೊಳಗೆ ತಲೆ ಹಾಕಿ, "ಕಾಣಾಕತ್ತೈತಿ!" ಎಂದು ಕೂಗಿದಳು. "ಆದ್ರ ಒತ್ತಿದ್ರ ಹೋಗವಲ್ದು. ಒತ್ತಿದ್ದಕ್ಕೆಲ್ಲ ಬರೇ ಚೌಕಟ್ಟು ಬೀಳಾಕತ್ತೈತಿ."

"ನಿಮ್ಮಂಗ ಒತ್ತೂದಲ್ಲ ಅದು. ಓದೂ ದನಿ ಚಾಲೂ ಇದ್ರ ಬೆರಳಿನ ಲೆಕ್ಕಾನ ಬ್ಯಾರೆ. ತಡಿ, ಸರಿ ಅತ್ಲಾಗ" ಎಂದು ಭಾಗ್ಯಾಳೂ ಕೌದಿಯೊಳಗೆ ಹೊಕ್ಕಳು.

ಕೌದಿಯೊಳಗೆ ಉಸಿರು ಕಟ್ಟುತ್ತಿತ್ತು. ಪೂನಮ್ ಏನಿದೆ ಎಂದು ಓದುವಳು, ಭಾಗ್ಯಾ ಬೆರಳು ಸರಿಸುವಳು. "ಇನ್ನೊಂದು ಕೆಳಗ ಹೋಗ್ರಿ. ಮುಂದ ಹೋತು, ಮುಂದ ಹೋತು, ಹಿಂದಕ ಬರ್ರಿ." ಪೂನಮ್‌ಳ ಹಣೆಯ ಬೆವರು ಭಾಗ್ಯಾಳ ಮುಂಗೈಗೆ ಹತ್ತಿತು. ಕೊನೆಗೆ ದನಿಗಳ ಪುಟ ಸಿಕ್ಕಿತು. "ಕನ್ನಡ ಅಂತೈತ್ರಿ. ಬಾಜೂಕ ಡೌನ್‌ಲೋಡ್ ಅಂತೈತಿ." ಹೊಸ ಆವೃತ್ತಿ ಕನ್ನಡದ ದನಿಯನ್ನು ಹೊರಗೇ ಬಿಟ್ಟು ಬಂದಿತ್ತು. ಭಾಗ್ಯಾ ಎರಡು ಸಲ ಬಡಿದಳು.

ಅಷ್ಟರಲ್ಲಿ ಅವ್ವ ಕೈ ಒರೆಸಿಕೊಳ್ಳುತ್ತ ಒಳಗೆ ಬಂದಳು. "ಏನರೇ ಇದು? ಹಾಡಹಗಲ ಇಬ್ರೂ ಕೌದಿ ಹೊತ್ತೀರಿ, ಚಳಿಜ್ವರ ಬಂದಾವೇನ?"

"ತಡೀರಿ ಅತ್ತಿ, ಎತ್ತಬ್ಯಾಡ್ರಿ, ಬೆಳಕು ಬಂದ್ರ ಕಾಣೂದಿಲ್ಲ!"

"ಬೆಳಕು ಬಂದ್ರ ಕಾಣೂದಿಲ್ಲಂತ! ಹುಚ್ಚು ಹಿಡದೈತಿ ನಿಮಗ" ಎಂದು ಅವ್ವ ಕೌದಿಯ ಮೂಲೆ ಹಿಡಿದು ಎಳೆಯುವುದಕ್ಕೂ, ಒಳಗಿನಿಂದ ಒಂದು ದನಿ ಏಳುವುದಕ್ಕೂ ಸರಿಹೋಯಿತು.

"ಕನ್ನಡ. ಸಿದ್ಧವಾಗಿದೆ."

ಒಂದೊಂದೇ ಅಕ್ಷರ, ಬಿಡಿಬಿಡಿಯಾಗಿ, ಕೂಸಿಗೆ ಕಲಿಸಿದಷ್ಟು ಸಾವಕಾಶ. ವೇಗ ಮೊಬೈಲು ಕೊಂಡ ದಿನದ ಸ್ಥಿತಿಗೆ ಹೋಗಿತ್ತು. ಭಾಗ್ಯಾ ಮೊಬೈಲನ್ನು ಎದೆಗೆ ಒತ್ತಿಕೊಂಡಳು.

ಅವ್ವ ನಿಂತಲ್ಲೇ ನಿಂತಳು. "ಇಕಿ ಯಾರು?"

"ಪಿಟಿಪಿಟಿ ಅವ್ವಾ."

"ಖರೇ? ಇಕಿ ಇಷ್ಟು ಛಲೋ ಕನ್ನಡ ಮಾತಾಡ್ತಾಳ? ಇಷ್ಟ ದಿನ ಗೊತ್ತ ಇರಲಿಲ್ಲ ನೋಡು. ಏನರ ಓದಸು, ಕೇಳೂಣು."

ಭಾಗ್ಯಾ ವೇಗ ಏರಿಸಲು ಬೆರಳು ಎತ್ತಿದ್ದವಳು, ಹಾಗೆಯೇ ನಿಲ್ಲಿಸಿದಳು. ಮಹಾಂತಯ್ಯನವರು ಹಿಂದಿನ ದಿನ ಕಳಿಸಿದ್ದ ಬಸ್ಸುಗಳ ಸುದ್ದಿಯನ್ನೇ ಓದಿಸಿದಳು. ಅವ್ವ ನೆಲಕ್ಕೆ ಕುಳಿತು, ಪುರಾಣ ಕೇಳಿದ ಹಾಗೆ, ಕೊನೆಯ ಬಸ್ಸು ಹೊರಡುವವರೆಗೂ ಕೇಳಿದಳು. ಆಮೇಲೆ ಭಾಗ್ಯಾ ವೇಗ ಏರಿಸಿದಳು. ಬೆಳಕು ಏರಿಸುವ ಪಟ್ಟಿಯನ್ನೂ ಹುಡುಕಿ ಪೂರ್ತಿ ಮೇಲಕ್ಕೆ ತಳ್ಳಿದಳು.

ಸಂಜೆ ಬಳಗಕ್ಕೆ ಫೋನು ಮಾಡಿ ಸುದ್ದಿ ಹೇಳಿದಳು. "ಹಾಕ್ರಿ. ಆದ್ರ ದನಿ ಹೋಗತೈತಿ, ತಿರುಗಿ ಇಳಿಸಿಕೊಂಡ್ರ ಬರತೈತಿ. ಮತ್ತ ಒಂದು ಮಾತು. ಮೊದಲ ಮೊಬೈಲಿನ ಬೆಳಕು ಏರಿಸಿಕೋರಿ. ಇಲ್ಲಾಂದ್ರ ಕೌದಿ ಬೇಕಾಗತೈತಿ."

"ಬೆಳಕಾ?" ಎಂದ ನಿಜಾಮುದ್ದೀನ. "ಹಂಗಾರ ಹೋದ ಸಲ ನನ್ನ ಮೊಬೈಲು... ಯಾ ಅಲ್ಲಾ! ಎಲ್ಲಾರೂ ಸತ್ತೈತಿ ಸತ್ತೈತಿ ಅಂದ್ರು, ನಾನೂ ನಂಬಿದ್ನೆಲ್ಲೋ!"

ಸಿದ್ಧಾರೂಢ ಮಾಸ್ತರರು ಅಷ್ಟು ಗಟ್ಟಿಯಾಗಿ ನಕ್ಕಿದ್ದನ್ನು ಅವರು ಯಾರೂ ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ನಿಲ್ದಾಣದಲ್ಲಿ ಹಬ್ಬದ ಗದ್ದಲ. ಚಹಾ ಇಡಲು ಬಂದ ಮಹಾಂತಯ್ಯನವರು ಮೇಜಿನ ಮೇಲೆ ಬಗ್ಗಿ ನೋಡಿದರು. "ಏನವಾ ಭಾಗ್ಯಾ, ಮೊಬೈಲ್ ಫಳಫಳ ಅನ್ನಾಕತ್ತೈತಿ? ಯಾವಾಗ ನೋಡಿದ್ರೂ ಕರ್ರಗ ಇರ್ತಿತ್ತು. ಬ್ಯಾಟರಿ ಲಗೂ ಇಳೀತೈತಿ ನೋಡು, ಆರಿಸ್ಲ್ಯಾ?"

"ಇರ್ಲಿ ಬಿಡ್ರಿ ಸರ, ಚಾರ್ಜರ್ ತಂದೇನಿ. ಯಾರಿಗರ ಬೇಕಾದೀತು."

ಬಲಗಿವಿಯಲ್ಲಿ ಪಿಟಿಪಿಟಿ ಹರಿಯತೊಡಗಿತ್ತು. ನವಲಗುಂದದ ಬಸ್ಸು ಪ್ಲಾಟ್‌ಫಾರ್ಮ್ ಬದಲಿಸಿತ್ತು. ಭಾಗ್ಯಾ ಮೈಕನ್ನು ಹತ್ತಿರ ಎಳೆದುಕೊಂಡಳು.