ಅಳತೆಕೋಲುಗಳು, ಗೋಡೆಯ ಗೂಟಗಳು

ಅಣ್ಣನ ಅಳತೆಕೋಲುಗಳನ್ನು ತುಂಡರಿಸಿದವನು ನಾನು, ವೈನಿ. ನೀವಲ್ಲ. ಹೇಳಬೇಕಾದ ದಿನ ಇದನ್ನು ಹೇಳಲಿಲ್ಲ. ಆಮೇಲೆ ಹೇಳೋಣ ಅಂದುಕೊಂಡೆ — ಆ ‘ಆಮೇಲೆ’ ಅನ್ನುವುದು ಹದಿನಾರು ವರ್ಷ ಆಗಿಹೋಯಿತು. ಅಷ್ಟು ವರ್ಷ ನೀವು ನಿಮ್ಮದೇ ಮನೆಯ ಒಂದು ಹೊಸ್ತಿಲ ಹೊರಗೆ ನಿಂತಿರಿ. ಒಳಗೆ ಅಣ್ಣ, ಹೊರಗೆ ನೀವು, ನಡುವೆ ನಾನು ಆಡಿದ ಒಂದು ಮಾತು.

ಸಂಪಗಾಂವಿಯ ನಮ್ಮ ಮನೆಯ ಆ ಬಡಿಗ ಕೆಲಸದ ಕೋಣೆ ಈಗಲೂ ನನ್ನ ಕನಸಿಗೆ ಬರುತ್ತದೆ. ಕನಸಿನಲ್ಲಿ ಅದು ಇನ್ನೂ ಚೊಕ್ಕಟವಾಗಿಲ್ಲ. ಮೊಣಕಾಲ ತನಕ ರಂದ ಹೊಡೆದ ಕಟ್ಟಿಗೆಯ ಸುರುಳಿಗಳು, ಅರ ಇಲ್ಲದ ಗಾಲಿ, ಮೂರೇ ಕಾಲಿನ ತೊಟ್ಟಿಲು, ಎಲ್ಲೋ ಮುಚ್ಚಿಹೋದ ಬಾಚಿ, ಮೂಲೆಯ ಬುಟ್ಟಿಯಲ್ಲಿ ಬೆಕ್ಕು ಹಾಕಿದ ಮರಿಗಳು. ಬೆಳಕಿಂಡಿಯಿಂದ ಬಿಸಿಲು ಇಳಿದಿರುತ್ತದೆ. ಅದರೊಳಗೆ ಕಟ್ಟಿಗೆಯ ಪುಡಿ ಕೆಳಗೆ ಬೀಳುವುದನ್ನೇ ಮರೆತು ತೇಲುತ್ತಿರುತ್ತದೆ. ನೀವು ಗೋಡೆಗೊರಗಿ ಮಣೆಯ ಮೇಲೆ ಕುಳಿತು ಹಗ್ಗ ಎಳೆಯುತ್ತೀರಿ, ಕಟ್ಟಿಗೆ ಕಡೆಯುವ ಚರಕಿ ತಿರುಗುತ್ತದೆ, ತೊಟ್ಟಿಲ ಕಾಲು ಅಣ್ಣನ ಉಳಿಯ ಕೆಳಗೆ ದುಂಡಗಾಗುತ್ತ ಹೋಗುತ್ತದೆ. ಇಬ್ಬರೂ ಮಾತಾಡುವುದಿಲ್ಲ. ಅಣ್ಣ ಸುಮ್ಮನೆ ಕೈ ಚಾಚುತ್ತಾನೆ. ನೀವು ಆ ರಾಶಿಯೊಳಗೆ ಕೈ ಹಾಕಿ ಅವನಿಗೆ ಬೇಕಾದ ಉಳಿಯನ್ನೇ ತೆಗೆದು ಕೊಡುತ್ತೀರಿ. ನಾನು ಬಾಗಿಲಲ್ಲಿ ನಿಂತು ನೋಡುತ್ತಿರುತ್ತೇನೆ. ಎಚ್ಚರವಾದ ಮೇಲೂ ಬಹಳ ಹೊತ್ತು ಸಾಗವಾನಿಯ ವಾಸನೆ ಮೂಗಿನಲ್ಲಿ ಇರುತ್ತದೆ.

ಅಣ್ಣ ನನಗಿಂತ ಹದಿನೆಂಟು ವರ್ಷ ದೊಡ್ಡವನು. ಪ್ಲೇಗಿನ ವರ್ಷ ಊರವರೆಲ್ಲ ಹೊಲದಲ್ಲಿ ಗುಡಿಸಲು ಹಾಕಿಕೊಂಡಾಗ ಅಪ್ಪ, ಅವ್ವ ಇಬ್ಬರೂ ಅಲ್ಲಿಯೇ ತೀರಿಕೊಂಡರು. ಆಮೇಲೆ ನನ್ನನ್ನು ಸಾಕಿದವರು ಅಣ್ಣನ ಕೈಹಿಡಿದ ನೀವು. ನನ್ನ ಕೈಗೆ ಬಾಚಿ ಕೊಡದೆ ಪಾಟಿ ಕೊಡಿಸಿದವರೂ ನೀವೇ. ‘ಮನ್ಯಾಗ ಒಬ್ಬರಿಗರೆ ಓದಾಕ ಬರಲಿ’ ಅಂದಿರಂತೆ. ಹಾಗೆ ಓದಿ, ಮುಲ್ಕಿ ಪರೀಕ್ಷೆ ಪಾಸಾಗಿ, ದೀಪಾವಳಿ ಕಳೆದ ಮೇಲೆ ಬೈಲಹೊಂಗಲಕ್ಕೆ ಮಾಸ್ತರನಾಗಿ ಹೋಗುವವನಿದ್ದೆ. ತಲೆ ಸ್ವಲ್ಪ ತಿರುಗಿತ್ತು — ಸ್ವಲ್ಪ ಏನು ಬಂತು, ಪೂರ್ತಿಯೇ ತಿರುಗಿತ್ತು.

ಮಹಾನವಮಿ ಹತ್ತಿರ ಬಂದಿತ್ತು. ಖಂಡೆ ಪೂಜೆಗೆ ಹತ್ಯಾರುಗಳನ್ನೆಲ್ಲ ತೊಳೆದು ಸಾಲಾಗಿ ಇಡಬೇಕು. ಅಣ್ಣ ಸಾಗವಾನಿ ತರಲು ಬಂಡಿ ಹೂಡಿಕೊಂಡು ಕಿತ್ತೂರ ಕಡೆ ಹೋಗಿದ್ದ; ಬರುವುದಕ್ಕೆ ಎರಡು ದಿನ. ಅವನು ಬರುವುದರೊಳಗೆ ಕೋಣೆಯನ್ನು ಸಾಲೆಯ ಹಾಗೆ ಚೊಕ್ಕಟ ಮಾಡಿಬಿಡುತ್ತೇನೆ ಅಂದೆ. ನೀವು ನಕ್ಕಿರಿ. ‘ನಿಮ್ಮಣ್ಣಗ ಹಂತಾದ್ರಾಗ ಎಲ್ಲಾ ಸಿಗತೈತಿ ತಮ್ಮಾ’ ಅಂದಿರಿ. ನಾನು ಕೇಳಲಿಲ್ಲ. ಸುರುಳಿಗಳನ್ನು ಬುಟ್ಟಿಗಟ್ಟಲೆ ಹೊರಗೆ ಹೊತ್ತೆ. ಅಣ್ಣ ಕೂತು ಕೆತ್ತುವ ದಿಮ್ಮಿಯನ್ನು ನೀರು ಹಾಕಿ ತಿಕ್ಕಿದೆ. ಹುಡುಕಿದಂತೆಲ್ಲ ಉಳಿಗಳು ಸಿಗುತ್ತ ಹೋದವು — ಕಳೆದುಹೋಗಿವೆ ಎಂದು ಅಣ್ಣನೇ ಆಸೆ ಬಿಟ್ಟಿದ್ದ ಮೂರು ಉಳಿಯೂ ಸಿಕ್ಕವು. ಅವನ್ನೆಲ್ಲ ತೂಗುಹಾಕಲು ಗೋಡೆಗೆ ಗೂಟ ಬೇಕಾಯಿತು. ಮೇಲೆ ನೋಡಿದೆ. ಜಂತಿಗಳ ಸಂದಿಯಲ್ಲಿ ತೆಳ್ಳನೆಯ, ನೆಟ್ಟನೆಯ, ಹೊಗೆ ಕುಡಿದು ಗಟ್ಟಿಯಾದ ಸಾಗವಾನಿ ಕೋಲುಗಳು ನಲವತ್ತೋ ಐವತ್ತೋ ಇದ್ದವು.

ಅವು ಏನೆಂದು ನನಗೆ ಗೊತ್ತಿರಲಿಲ್ಲ ಅಂದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಗೊತ್ತಿತ್ತು. ಅಣ್ಣನಿಗೆ ಅಕ್ಷರ ಬರುವುದಿಲ್ಲ. ಒಬ್ಬೊಬ್ಬ ರೈತನಿಗೆ ಒಂದೊಂದು ಕೋಲು. ಅದರ ಮೇಲೆ ಉಳಿಯಿಂದ ಕೊರೆದ ಗೀಟುಗಳು. ಇಲ್ಲಿಂದ ಇಲ್ಲಿಗೆ ಇವರ ಎತ್ತಿನ ನೊಗ, ಇಲ್ಲಿಂದ ಇಲ್ಲಿಗೆ ಇವರ ಕೂರಿಗೆಯ ತಾಳಿನಿಂದ ತಾಳಿಗೆ, ಬೀಜದ ಸಾಲಿನಿಂದ ಸಾಲಿಗೆ ಇರುವ ಅಂತರ, ಹಿಂದಿನ ಮಗ್ಗುಲಲ್ಲಿ ಮನೆಯ ಬಾಗಿಲು. ಅಪ್ಪ ಕೊರೆದ ಕೋಲುಗಳೂ ಅದರಲ್ಲಿದ್ದವು. ಯಾವ ಕೋಲು ಯಾರದೆಂದು ಅಣ್ಣ ಕಣ್ಣು ಮುಚ್ಚಿ ಬೆರಳಾಡಿಸಿ ಹೇಳುತ್ತಿದ್ದ. ನಾನು ಅದನ್ನು ಹಳ್ಳಿಯವರ ಹಳೆಯ ಪದ್ಧತಿ ಅಂದುಕೊಂಡೆ. ನನ್ನ ಹತ್ತಿರ ಫೂಟುಪಟ್ಟಿ ಇತ್ತು, ಹೊಸ ವಹಿ ಇತ್ತು. ಎಲ್ಲ ಅಳತೆಗಳನ್ನೂ ಇಂಚಿನಲ್ಲಿ ಬರೆದುಕೊಂಡರೆ ಆಯಿತು, ಕೋಲು ಯಾತಕ್ಕೆ?

ಬರೆಯಲು ಕೂತೆ. ನಾಲ್ಕು ಕೋಲು ಬರೆದೆ. ಐದನೆಯದಕ್ಕೆ ಬೇಸರ ಬಂತು. ಎಷ್ಟು ಸಣ್ಣ ಕಾರಣ ನೋಡಿರಿ — ಮಧ್ಯಾಹ್ನದ ಬಿಸಿಲು, ಜಂತಿಯ ಮೇಲೆ ಪಾರಿವಾಳಗಳ ಗುಟುರು, ಕಣ್ಣು ಎಳೆಯುತ್ತಿತ್ತು. ಉಳಿದದ್ದನ್ನು ಅಣ್ಣನಿಂದಲೇ ಕೇಳಿ ಬರೆದುಕೊಂಡರಾಯಿತು ಅಂದುಕೊಂಡು ವಹಿ ಮುಚ್ಚಿದೆ. ಗರಗಸ ತೆಗೆದುಕೊಂಡೆ. ಗೇಣುದ್ದದ ಗೂಟಗಳು ಎಷ್ಟು ಚೆಂದ ಬಂದವು! ಒಂದರ ಪಕ್ಕ ಒಂದು ಗೋಡೆಗೆ ಬಡಿದೆ. ಮಿಕ್ಕ ಕೋಲು, ತುಂಡುಗಳನ್ನೂ ಒಂದೇ ಅಳತೆಗೆ ಕತ್ತರಿಸಿ, ಬಚ್ಚಲ ಒಲೆಯ ಪಕ್ಕ ಒಟ್ಟಿ ಇಟ್ಟೆ.

ಮರುದಿನ ಮುಂಜಾನೆ ಎಣ್ಣೆ-ನೀರಿಗೆ ಒಲೆ ಹೊತ್ತಿಸಲು ಕುಳಿತವರು ನೀವು. ಒಂದು ತುಂಡು ಕೈಯಲ್ಲಿ ಹಿಡಿದು ನನ್ನನ್ನು ಕರೆದಿರಿ.

‘ತಮ್ಮಾ, ಇದರಾಗ ನಿಮ್ಮಣ್ಣನ ಗೀಟು ಅದಾವಲ್ಲೋ?’

‘ಅವು ಇನ್ನ ಬೇಕಾಗಿಲ್ಲ ವೈನಿ. ಎಲ್ಲಾ ಬರದಿಟ್ಟೇನಿ. ಹಾಕ್ರಿ ಒಲಿಗೆ.’

‘ಎಲ್ಲಾ?’

‘ಎಲ್ಲಾ.’

ಬರೆದಿಟ್ಟದ್ದು ಅಂದರೆ ನಿಮಗೆ ದೇವರ ಮುಂದೆ ಇಟ್ಟ ಹಾಗೆ. ನೀವೇ ಓದಿಸಿದ ಹುಡುಗ ಹೇಳಿದ್ದಾನೆ... ತುಂಡು ಒಲೆಗೆ ಹೋಯಿತು. ಹಳೆಯ ಸಾಗವಾನಿ, ಉರಿ ಚೆನ್ನಾಗಿ ಬಂತು. ಆ ನೀರನ್ನೇ ನಾನು ಮೈಮೇಲೆ ಹಾಕಿಕೊಂಡೆ.

ಅಣ್ಣ ಬಂದ. ಬಾಗಿಲಲ್ಲೇ ನಿಂತುಬಿಟ್ಟ. ಗೋಡೆಯ ಮೇಲಿನ ಉಳಿಗಳ ಸಾಲು ನೋಡಿ ಅವನ ಮುಖ ಹಿಗ್ಗಿತು. ‘ಭಾರಿ ಮಾಡಿದ್ಯಲ್ಲೋ!’ ಅಂದ. ಓಣಿಯವರನ್ನೆಲ್ಲ ಕರೆತಂದು ತೋರಿಸಿದ. ಮೇಲೆ ಜಂತಿಯತ್ತ ಯಾರೂ ನೋಡಲಿಲ್ಲ. ಪೂಜೆ ಆಯಿತು, ಬನ್ನಿ ಕೊಟ್ಟಾಯಿತು. ಅಳತೆಗಳನ್ನು ಕೇಳಿ ಬರೆದುಕೊಳ್ಳುವುದು ಇವತ್ತು, ನಾಳೆ ಎಂದು ಉಳಿಯುತ್ತಲೇ ಹೋಯಿತು.

ಹಬ್ಬ ಕಳೆದ ಮೂರನೆಯ ದಿನ ಚಚಡಿಯ ರೈತ ಬಸಲಿಂಗಪ್ಪ ಬಂದ. ಮಳೆ ಬಿದ್ದು ಹೊಲ ಹದಕ್ಕೆ ಬಂದಿದೆ, ಹಿಂಗಾರಿ ಜೋಳ ನಾಳೆಯೇ ಬಿತ್ತಬೇಕು, ಹಳೆಯ ಕೂರಿಗೆ ಗೆದ್ದಲು ಹಿಡಿದು ಮುರಿದಿದೆ, ಹೊಸದು ಬೇಕು. ‘ಕುಂತ್ರಿ, ನಿಮ್ಮ ಕೋಲು ಐತಿ’ ಎನ್ನುತ್ತ ಅಣ್ಣ ಜಂತಿಗೆ ಕೈ ಹಾಕಿದ. ಕೈ ಅಲ್ಲಿಯೇ ನಿಂತಿತು. ಈ ಸಂದಿ, ಆ ಸಂದಿ ತಡವಿದ.

‘ಕೋಲು ಎಲ್ಲಿ?’

ನೀವು ಹಿಟ್ಟಿನ ಕೈಯಲ್ಲೇ ಒಳಗಿನಿಂದ ಬಂದಿರಿ. ಬಂದವರು ಗಾಬರಿಯಾಗಿರಲಿಲ್ಲ. ನನ್ನತ್ತ ನೋಡಿದಿರಿ — ಇಗೋ, ವಹಿ ತರುತ್ತಾನೆ ಎಂಬ ಭರವಸೆಯಿಂದ. ವಹಿ ನನ್ನ ಟ್ರಂಕಿನಲ್ಲಿತ್ತು. ಅದರಲ್ಲಿ ನಾಲ್ಕು ಹೆಸರು. ಬಸಲಿಂಗಪ್ಪನದು ಇರಲಿಲ್ಲ. ಆಗ ನಾನು ಹೇಳಿದೆ —

‘ವೈನಿ ಹಬ್ಬದ ನೀರಿಗೆ ಒಲಿಗೆ ಹಾಕ್ಯಾರ, ಅಣ್ಣಾ.’

ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಅದೇ ನನ್ನನ್ನು ಇಷ್ಟು ವರ್ಷ ಸುಟ್ಟಿದೆ. ನೀವು ಬಾಯಿ ತೆರೆಯುತ್ತೀರಿ ಅಂದುಕೊಂಡೆ. ‘ನಿಮ್ಮ ತಮ್ಮನೇ ಹಾಕ್ರಿ ಅಂದ’ ಎಂದು ಒಂದು ಮಾತು ಸಾಕಿತ್ತು. ನೀವು ಕೈಗೆ ಹತ್ತಿದ ಹಿಟ್ಟನ್ನು ಉದುರಿಸುತ್ತ ನಿಂತಿರಿ. ನಾನು ಹೊಸ ಮಾಸ್ತರ, ಓಣಿಯೆಲ್ಲ ಹೊಗಳಿತ್ತು, ಊರವರ ಮುಂದೆ ನನ್ನ ಮಾನ — ಅದನ್ನು ಕಾಯ್ದಿರೋ, ಅಥವಾ ನಾನೇ ಒಪ್ಪಿಕೊಳ್ಳಲಿ ಎಂದು ಕಾದಿರೋ, ನನಗೆ ಇವತ್ತಿಗೂ ತಿಳಿದಿಲ್ಲ. ಕೇಳುವ ಮುಖ ಎಲ್ಲಿದೆ?

ಅಣ್ಣ ನೆನಪಿನಿಂದಲೇ ಕೂರಿಗೆ ಮಾಡಿಕೊಟ್ಟ. ತಿಂಗಳ ಮೇಲೆ ಬಸಲಿಂಗಪ್ಪ ತಿರುಗಿ ಬಂದ. ಸಾಲುಗಳು ಎರಡು ಬೆರಳು ಕಿರಿದಾಗಿದ್ದವು; ಮೊದಲಿನ ಅಳತೆಯ ಎಡೆಕುಂಟೆ ಹೊಡೆದಾಗ ಕಳೆಯ ಜೊತೆಗೆ ಜೋಳದ ಸಸಿಯೂ ಕಿತ್ತು ಬಂದಿತ್ತು. ನಾನು ಅಂದು ಬೈಲಹೊಂಗಲದಿಂದ ರವಿವಾರದ ಸೂಟಿಗೆ ಬಂದಿದ್ದೆ. ‘ನಿಮ್ಮಪ್ಪನ ಕಾಲಕ್ಕ ಹಿಂಗ ಆಗಿದ್ದಿಲ್ಲ, ಮಾನಪ್ಪಾ’ ಎಂದಷ್ಟೇ ಅಣ್ಣನಿಗೆ ಹೇಳಿ ಅವನು ಹೋದ. ಬೈದಿದ್ದರೆ ಅಣ್ಣ ತಡೆದುಕೊಳ್ಳುತ್ತಿದ್ದ. ಸ್ವಲ್ಪ ಹೊತ್ತಿಗೆ ನೀವು ಎಂದಿನ ಹಾಗೆ ಹಗ್ಗ ಎಳೆಯಲು ಬಂದಿರಿ. ಅಣ್ಣ ತಲೆ ಎತ್ತಲಿಲ್ಲ.

‘ಬ್ಯಾರೆಯವರು ಹಾಕಿದ್ರ ತಿಳೀಲಿಲ್ಲ ಅಂತಿದ್ದೆ. ನಿನಗ ಎಲ್ಲಾ ತಿಳೀತಿತ್ತಲ್ಲ. ಇನ್ನ ಮ್ಯಾಲೆ ಈ ಖೋಲಿ ಹೊಸ್ತಿಲಾ ದಾಟಬ್ಯಾಡ.’

ನಾನು ಅಲ್ಲಿಯೇ ಇದ್ದೆ, ವೈನಿ. ಕಿಟಕಿಯ ಹತ್ತಿರ. ಆ ಹೊತ್ತಿನ ಊಟಕ್ಕೆ ನೀವು ಬಿಸಿ ರೊಟ್ಟಿ ಹಾಕಿ, ‘ಉಣ್ಣೋ ತಮ್ಮಾ, ಆರತೈತಿ’ ಅಂದಿರಿ. ನಾನು ಉಂಡೆ.

ನೀವು ದಾಟಲಿಲ್ಲ. ಒಮ್ಮೆಯೂ ದಾಟಲಿಲ್ಲ. ಪ್ರತಿ ಹಬ್ಬಕ್ಕೆ, ಪ್ರತಿ ಸೂಟಿಗೆ ಬಂದಾಗಲೂ ನೋಡಿದ್ದೇನೆ: ತಂಬಿಗೆಯ ನೀರು ಹೊಸ್ತಿಲ ಮೇಲೆ ಇಡುತ್ತೀರಿ, ತಿರುಗಿ ಹೋಗುತ್ತೀರಿ. ಚರಕಿಯ ಹಗ್ಗ ಎಳೆಯಲು ಅಣ್ಣ ಬೇರೆಯವರನ್ನು ಕರೆದ, ಹೊಂದಿಕೆ ಬರಲಿಲ್ಲ. ಅಣ್ಣ ತೊಟ್ಟಿಲು ಮಾಡುವುದನ್ನೇ ಬಿಟ್ಟ. ಕೋಲುಗಳ ಬದಲಿಗೆ ಊರೂರು ತಿರುಗಿ ಹೊಸದಾಗಿ ಅಳೆದು ತಂದ, ಯರಗಟ್ಟಿಯ ತನಕ ನಡೆದ. ಅಳತೆಗಳು ಮರಳಿ ಬಂದವು. ನಿಮ್ಮ ಮಣೆ ಮಾತ್ರ ಗೋಡೆಗೆ ಒರಗಿಸಿ ಇಟ್ಟದ್ದು ಹಾಗೆಯೇ ಉಳಿಯಿತು.

ಈಗ ಅಣ್ಣನ ಎರಡೂ ಕಣ್ಣಿಗೆ ಪೊರೆ ಬಂದಿದೆ. ಮೊನ್ನೆ ನಾನು ಈ ಸಲದ ಮಹಾನವಮಿಗೆಂದು ಬಂದಾಗ ಕರೆದು ಹೇಳಿದ, ‘ಖೋಲಿ ಇನ್ನೊಮ್ಮೆ ಹಸನ ಮಾಡಿಕೊಡೋ. ಗೂಟ ಕೆಳಗ ಬಡಿ, ಕುಂತಲ್ಲೇ ಕೈಗೆ ಸಿಗೂವಂಗ.’ ಅಲ್ಲಿಗೆ ನನ್ನ ಕೆಲಸ ಮತ್ತೆ ನನ್ನ ಕೈಗೇ ಬಂತು. ಅಣ್ಣ ದಿಮ್ಮಿಯ ಹತ್ತಿರ ಕುಳಿತು ನೆಲ ತಡವುತ್ತ ಸಣ್ಣ ಉಳಿ ಹುಡುಕುತ್ತಿದ್ದ. ಹೊಸ್ತಿಲ ಹೊರಗಿನಿಂದ ನಿಮ್ಮ ದನಿ ಬಂತು — ‘ಎಡಕ್ಕ ಐತಿ ನೋಡ್ರಿ. ಇನ್ನಷ್ಟು ಎಡಕ್ಕ. ಗಾಲಿ ಕೆಳಗ.’ ನೀರಿನ ತಂಬಿಗೆ ಹಿಡಿದು ನೀವು ಅಲ್ಲೇ ನಿಂತಿದ್ದಿರಿ. ಎರಡು ಹೆಜ್ಜೆ ಒಳಗೆ ಬಂದರೆ ಕೈಗೆ ಎತ್ತಿ ಕೊಡಬಹುದಿತ್ತು. ಅಣ್ಣ ನಿಮ್ಮ ಮಾತಿನ ಬೆನ್ನು ಹಿಡಿದು ಉಳಿ ಮುಟ್ಟಿದ. ನೀವು ಹೋದ ಮೇಲೆ, ನನಗೋ ಗೋಡೆಗೋ ಎಂಬಂತೆ, ‘ಮದಲ ಕೇಳೂದರಾಗ ಕೈಯಾಗ ಇರತಿತ್ತು’ ಅಂದ.

ನಾನು ಗೂಟ ಕೀಳುತ್ತಿದ್ದೆ. ಗೋಡೆಯೊಳಗೆ ಹುದುಗಿದ್ದ ತುದಿ ಹೊರಗೆ ಬಂತು. ಅದರ ಮೇಲೆ ಗೀಟುಗಳು — ಮೂರು ಒತ್ತಾಗಿ, ಒಂದು ದೂರ. ಎರಡನೆಯ ಗೂಟದಲ್ಲೂ ಇದ್ದವು, ಮೂರನೆಯದರಲ್ಲೂ. ಹದಿನಾರು ವರ್ಷ ಅಣ್ಣ ಅವೇ ಗೂಟಗಳಿಗೆ ಉಳಿ ತೂಗುಹಾಕಿದ್ದಾನೆ. ‘ಏನಾತೋ, ಸುಮ್ಮನಾದಿ?’ ಅಂದ. ‘ಏನಿಲ್ಲಣ್ಣಾ, ಹಳೇ ಗೂಟ’ ಅಂದೆ, ಧೋತರದ ಮಡಿಕೆಯಲ್ಲಿ ಕಟ್ಟಿಕೊಂಡೆ. ಕುರುಡನಾಗುತ್ತಿರುವ ಅಣ್ಣನ ಮುಂದೆ ನಾನು ಕದ್ದು ಮುಚ್ಚಿದೆ! ನನ್ನ ಮೇಲೆ ನನಗೆ ಅಷ್ಟು ಹೇಸಿಕೆ ಎಂದೂ ಬಂದಿರಲಿಲ್ಲ. ಅದಕ್ಕೇ ಇದನ್ನು ಬರೆಯಲು ಕುಳಿತೆ.

ನಿಮಗೆ ಓದಲು ಬರುವುದಿಲ್ಲ, ಅಣ್ಣನಿಗೆ ಕಾಣುವುದಿಲ್ಲ. ರಾಮದುರ್ಗದಿಂದ ನಿಮ್ಮ ತಂಗಿಯ ಕಾಗದ ಬಂದರೆ ಓದಿ ಹೇಳುವವನು ನಾನೇ. ಇದನ್ನೂ ನಾನೇ ಓದಬೇಕು. ಇದರಲ್ಲಿ ಇಲ್ಲದ್ದನ್ನು ಓದಿದರೂ ನಿಮಗೆ ತಿಳಿಯುವುದಿಲ್ಲ. ಒಂದು ಸಾಲು ಬಿಟ್ಟರೂ ತಿಳಿಯುವುದಿಲ್ಲ. ಬಿಡುವುದಿಲ್ಲ.

ನಾಳೆ ಖಂಡೆ ಪೂಜೆ. ಪೂಜೆಗೆ ಮೊದಲು ಈ ಮೂರು ಗೂಟಗಳನ್ನು ಅಣ್ಣನ ಅಂಗೈಯಲ್ಲಿ ಇಡುತ್ತೇನೆ. ಅವನ ಬೆರಳಿಗೆ ಕಣ್ಣು ಬೇಕಾಗಿಲ್ಲ. ನಿಮ್ಮನ್ನು ಹೊಸ್ತಿಲ ತನಕ ಕರೆದು, ನಡುವೆ ನಿಂತು, ಮೊದಲಿನಿಂದ ಕೊನೆಯ ತನಕ ಗಟ್ಟಿಯಾಗಿ ಓದುತ್ತೇನೆ. ಅಣ್ಣ ಏನನ್ನುತ್ತಾನೋ ಅನ್ನಲಿ. ಮಣೆಯನ್ನು ಒರೆಸಿ ಚರಕಿಯ ಹತ್ತಿರ ಹಾಕಿದ್ದೇನೆ. ಒಳಗೆ ಬರುವುದು, ಬಿಡುವುದು ನಿಮ್ಮ ಇಷ್ಟ. ಕ್ಷಮೆ ಕೇಳಿ ನಿಮ್ಮ ಮೇಲೆ ಇನ್ನೊಂದು ಭಾರ ಹಾಕುವುದಿಲ್ಲ.

ಒಲೆಯ ಮುಂದೆ ಕುಳಿತು ಅಂದು ನೀವು ‘ಎಲ್ಲಾ?’ ಎಂದು ಕೇಳಿದ್ದಿರಿ. ಅಂದು ಕೊಟ್ಟ ಉತ್ತರ ಸುಳ್ಳು. ಈ ಹೊತ್ತು ಎಲ್ಲಾ ಬರದಿಟ್ಟೇನಿ, ವೈನಿ.