ಎದುರು ಮನೆಯ ಬಾಯಿ

ಅತ್ತಾವರದ ನಮ್ಮ ಫ್ಲ್ಯಾಟಿನ ಎದುರು ಬಾಗಿಲಿನವರು ನಿವೃತ್ತ ನರ್ಸ್. ಕೊಂಕಣಿ ಕ್ರಿಶ್ಚನ್ ಹೆಂಗಸರನ್ನು ಕರೆಯುವಂತೆ ಅವರನ್ನೂ ಎಲ್ಲರೂ ‘ಬಾಯಿ’ ಎನ್ನುತ್ತಿದ್ದರು. ಹೆಸರಿಗೆ ತಕ್ಕಂತೆ ಬಾಯಿಯೂ ಇತ್ತು. ಇಗರ್ಜಿಯಲ್ಲಿ ಪ್ರಾರ್ಥನೆ ಮುಗಿಸಿ ಬಂದರೂ ಮೆಟ್ಟಿಲು ಹತ್ತುವ ಮೊದಲೇ ಯಾರನ್ನಾದರೂ ಬೈದಾಗಿರುತ್ತಿತ್ತು. ಯಾರು ಏನು ಹೇಳಿದರೂ ಅವರದು ಒಂದೇ ಮಾತು: “ಎಂತ ನಾಟಕ ಮಾರಾಯ್ತಿ!”

ಆಗ ನಾನು ಒಳ್ಳೆಯವಳಾಗುವ ಪ್ರಯತ್ನದಲ್ಲಿದ್ದೆ. ಸಿಟ್ಟಾಗಬಾರದು, ಚಾಡಿ ಹೇಳಬಾರದು ಎಂದು ಪ್ರತಿಜ್ಞೆ ಮಾಡಿ, ಡೈರಿಯಲ್ಲಿ ದಿನವೂ ನನಗೆ ನಾನೇ ಮಾರ್ಕು ಕೊಟ್ಟುಕೊಳ್ಳುತ್ತಿದ್ದೆ.

ಆ ದಿನಗಳಲ್ಲೇ ಫ್ಲ್ಯಾಟಿನವರ ಸಂಘದ ಸೆಕ್ರೆಟರಿ ಬೆನ್ನುನೋವಿನಿಂದ ಬಗ್ಗಲಾಗದೆ ಹಾಸಿಗೆ ಹಿಡಿದರು. ಪಾರ್ಕಿಂಗ್ ವಿಷಯಕ್ಕೆ ಬಾಯಿಯೊಡನೆ ದಿನಾ ಜಗಳವಾಡುತ್ತಿದ್ದವರು ಅವರು. ನಾನು ಸೇಬು ಹಿಡಿದು ಹೋಗಿ, ಪಕ್ಕದಲ್ಲಿ ಕುಳಿತು ಮೆಲ್ಲಗೆ ಸಮಾಧಾನ ಹೇಳತೊಡಗಿದೆ. ಅವರು ಫ್ಯಾನನ್ನೇ ನೋಡುತ್ತಿದ್ದರು. ಅಷ್ಟರಲ್ಲಿ ಬಾಯಿ ಒಳಗೆ ನುಗ್ಗಿದರು.

“ಇದೆಂತ, ಕಾಲಿನ ಉಗುರಾ, ಹದ್ದಿನದ್ದಾ? ನಾಚಿಕೆ ಇಲ್ವಾ ನಿಮ್ಗೆ?” ಎಂದು ಬೈಯುತ್ತಲೇ ಅವರ ಪಾದವನ್ನು ಮಡಿಲಲ್ಲಿಟ್ಟುಕೊಂಡು ಉಗುರು ಕತ್ತರಿಸಿದರು. ಸೆಕ್ರೆಟರಿ ತಿರುಗಿ ಬೈದರು, ಆಮೇಲೆ ಜೋರಾಗಿ ನಕ್ಕರು. ನನಗೆ ಹೊಟ್ಟೆಕಿಚ್ಚಾಯಿತು. ನಾನು ತಂದ ಸೇಬನ್ನು ಬಾಯಿಯೇ ತಿಂದರು.

ಹೊರಗೆ ಬಂದ ಮೇಲೆ ಕೇಳಿದೆ, “ಅವರನ್ನು ಕ್ಷಮಿಸಿದ್ರಾ ಬಾಯಿ?”

“ಎಂತಕ್ಕೆ? ಎದ್ದು ನಡೆಯುವ ಹಾಗೆ ಆಗ್ಲಿ, ಜಗಳ ಬಾಕಿ ಉಂಟು.”

“ನಂಗೆ ಆ ಉಗುರು ಕಾಣ್ಲೇ ಇಲ್ಲ.”

“ಹೇಗೆ ಕಾಣುವುದು? ನೀನು ನಿನ್ನನ್ನೇ ನೋಡ್ತಾ ಇದ್ದಿ.”

ಮರುದಿನ ನಾನೊಬ್ಬಳೇ ಹೋದೆ. ಸೆಕ್ರೆಟರಿ ನನ್ನ ಬೆನ್ನ ಹಿಂದಿನ ಬಾಗಿಲನ್ನು ಸ್ವಲ್ಪ ಹೊತ್ತು ನೋಡಿ ಕೇಳಿದರು, “ಆ ಗಲಾಟೆ ಹೆಂಗಸು ಇವತ್ತು ಬರುದಿಲ್ವಾ?”