ಪೂರಾ ಬೆಲಿ ಮ್ಯಾಲ ಟ್ಯಾಕ್ಸು

ಗದಗಿನ ಕಾರು ಶೋರೂಮಿನಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೆ ಆ ಊರಿನಲ್ಲಿ ಯಾರ ಪರಿಚಯವೂ ಇರಲಿಲ್ಲ. ಗಿರಾಕಿ ಬಂದರೆ ಮಾತು, ಇಲ್ಲದಿದ್ದರೆ ಇಲ್ಲ. ಒಂದು ದಿನ ಬೆಳ್ಳಟ್ಟಿಯ ನಿವೃತ್ತ ಮಾಸ್ತರರೊಬ್ಬರು ಬಾಡಿಗೆ ಡ್ರೈವರ್ ಕೈಲಿ ತಮ್ಮ ಹಳೇ ಕಾರು ತರಿಸಿದರು. ಅದನ್ನು ಕೊಟ್ಟು, ಗೇರ್ ಹಾಕುವ ತಾಪತ್ರಯವಿಲ್ಲದ ಹೊಸ ಕಾರು ಒಯ್ಯಬೇಕಿತ್ತು.

ಲೆಕ್ಕದ ಚೀಟಿ ನೋಡಿ ಕೇಳಿದರು: “ಹಳೇದರ ಕಿಮ್ಮತ್ತು ಕಳದು, ಉಳಿದಿದ್ದಕ್ಕಷ್ಟ ಟ್ಯಾಕ್ಸ್ ಹಾಕಬೇಕಲ್ರಿ?”

“ಇಲ್ರಿ ಸರ, ಹೊಸಾ ಗಾಡಿ ಪೂರಾ ಬೆಲಿ ಮ್ಯಾಲ ಹಾಕ್ತಾರ. ಕಾಯ್ದೆನ ಹಂಗೈತಿ.”

“ಹಂಗಾರ ನನಗ ನಿಲುಕೂದಿಲ್ಲ ಬಿಡ್ರಿ.”

“ಈ ಗಾಡಿನೂ ಛಲೋ ಐತಲ್ರಿ, ಯಾಕ ಕೊಡ್ತೀರಿ?” ಎಂದೆ.

“ನಮ್ಮ ಮನಿಯವರು ನಡಸ್ತಿದ್ರು, ನಾ ಬಾಜೂಕ ಕುಂಡ್ರತಿದ್ದೆ. ಅವರು ತೀರಿಕೊಂಡು ವರ್ಷಾತು. ನನಗ ಗೇರ್ ಹಾಕಾಕ ಬರೂದಿಲ್ಲ.”

ನಾನು ಲೆಕ್ಕದ ಚೀಟಿ ಮಡಚಿ ಬದಿಗಿಟ್ಟೆ. ಆಮೇಲೆ ನನ್ನ ಬಾಯಿಂದ ತಾನಾಗಿ ಬಂತು: “ರವಿವಾರ ನಾ ಖಾಲಿನ ಇರ್ತೀನ್ರಿ. ಬಂದು ಕಲಸ್ಲೇನು?”

ವ್ಯಾಪಾರ ತಪ್ಪಿಸಿದೆನೆಂದು ಮ್ಯಾನೇಜರು ಬೈದರು. ನಾನು ಮಾತ್ರ ಪ್ರತಿ ರವಿವಾರ ಬೆಳ್ಳಟ್ಟಿ ಬಸ್ಸು ಹತ್ತುತ್ತೇನೆ. ಪಾಠ ಮುಗಿದ ಮೇಲೆ ಮಾಸ್ತರರೇ ಉಪ್ಪಿಟ್ಟು ಮಾಡಿ ಬಡಿಸುತ್ತಾರೆ. ನಾಲ್ಕು ತಿಂಗಳಾದರೂ ಇನ್ನೂ ಎರಡನೇ ಗೇರಿನಲ್ಲೇ ಇದ್ದಾರೆ. ಮೂರನೆಯದಕ್ಕೆ ಹೋಗುವ ಆತುರ ಅವರಿಗೂ ಇಲ್ಲ, ನನಗೂ ಇಲ್ಲ.